ಬರಗಾಲದ ಮೀನಿಗೊಂದು ಬಿಡಾರ

ಮಾರ್ಚ್ ಅರ್ಧ ಕಳೆಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಅಡಿಕೆಗೆ ಎಷ್ಟು ನೀರು ಕೊಡಲಿ, ಬೋರ್‌ವೆಲ್ಲಿಗೆ ಮರುಪೂರಣ ಹೇಗೆ ಮಾಡಲಿ ಎನ್ನುವವರ ನಡುವೆ ಯಾರೋ ಒಬ್ಬರು ಸಂಕೋಚದಿಂದಲೇ ಕೇಳುತ್ತಾರೆ: ‘ಹೊಂಡದಲ್ಲಿ ಮೊಣಕಾಲುದ್ದ ನೀರು ಉಳಿದಿದೆ. ಒಳಗಿರುವ ಮೀನನ್ನು ಮಳೆಗಾಲದವರೆಗೆ ಎಲ್ಲಿಡಲಿ?’ ಜನಕ್ಕೇ ನೀರಿಲ್ಲದಾಗ ಇವರಿಗೆ ಮೀನಿನ ಚಿಂತೆ ಎಂದು ಯಾರಾದರೂ ನಕ್ಕಾರು ಎಂಬ ಅಳುಕು ಆ ಪ್ರಶ್ನೆಯ ಹಿಂದೆ ಇರುತ್ತದೆ. 2023ರ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತಲ್ಲ, ಅದರ ಮುಂದಿನ ಬೇಸಿಗೆಯಿಂದ ಈ ಅಳುಕು ಕಡಿಮೆಯಾಗಿದೆ. ಮಾಚೇನಹಳ್ಳಿ, ನಿದಿಗೆ ಸುತ್ತಿನವರಂತೂ ಈಗ ನೇರವಾಗಿಯೇ ಕೇಳುತ್ತಾರೆ.

ಮಾಚೇನಹಳ್ಳಿಯವರು ಕೇಳುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಿ.ಎಚ್. ರಸ್ತೆಯ ಮೇಲೆ ಕೂತಿರುವ ಈ ಊರಿಗೆ ಒಂದು ಮಗ್ಗುಲಲ್ಲಿ ತುಂಗೆ, ಇನ್ನೊಂದು ಮಗ್ಗುಲಲ್ಲಿ ಭದ್ರೆ. ಎರಡೂ ಕೂಡುವ ಕೂಡ್ಲಿಯೂ ದೂರವಿಲ್ಲ. ಆದರೆ ನದಿಯ ನೀರು ನದಿಯಲ್ಲಿ, ನಾಲೆಯ ನೀರು ನಾಲೆಯಲ್ಲಿ. ಕೈಗಾರಿಕಾ ಪ್ರದೇಶ, ಡೇರಿ, ಗಾರ್ಮೆಂಟ್ಸ್, ಹೊಸ ಬಡಾವಣೆಗಳ ನಡುವೆ ಉಳಿದಿರುವ ತೋಟಗಳಿಗೆ ಸಿಗುವುದು ಬೋರಿನ ನೀರು, ಇಲ್ಲವೇ ಮಳೆಯಲ್ಲಿ ತುಂಬಿಸಿಕೊಂಡ ಹೊಂಡದ ನೀರು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳು ರಾಜ್ಯದ ತುಂಬ ಎದ್ದವು. ಹೊಂಡ ಇದ್ದ ಮೇಲೆ ಸೊಳ್ಳೆ ಬರುತ್ತದೆ, ಸೊಳ್ಳೆಗೆಂದು ನಾಲ್ಕು ಮೀನು ಬಿಡುತ್ತಾರೆ, ನಾಲ್ಕು ಬಿಟ್ಟವರು ನಾನೂರು ಬಿಡುತ್ತಾರೆ. ಮಕ್ಕಳು ಹೆಸರಿಟ್ಟ ಮೀನನ್ನು ಸಾರು ಮಾಡುವುದು ಹೇಗೆ ಎಂಬ ಕಷ್ಟ ಆಮೇಲಿನದು.

ಹೊಂಡ ಯಾಕೆ ಅಷ್ಟು ಬೇಗ ಇಳಿಯುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕವೊಂದಿದೆ. 21 ಮೀಟರ್ ಉದ್ದ, 21 ಮೀಟರ್ ಅಗಲದ ಕೃಷಿ ಹೊಂಡವೆಂದರೆ ಬಿಸಿಲಿಗೆ ತೆರೆದುಕೊಂಡ ಜಾಗ 441 ಚದರ ಮೀಟರ್. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ನೀರು ಆವಿಯಾಗುವುದು ದೊಡ್ಡದೇನಲ್ಲ. ಅಂದರೆ ಯಾರೂ ಪಂಪ್ ಹಾಕದಿದ್ದರೂ ದಿನಕ್ಕೆ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಹೋಯಿತು. ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಐದು ಸಾವಿರ ಲೀಟರ್ ತಂದು ಸುರಿದು ಮೀನು ಉಳಿಸುತ್ತೇನೆ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಮೂರನೇ ದಿನಕ್ಕೆ ಮತ್ತೆ ಟ್ಯಾಂಕರ್ ಕರೆಯಬೇಕು.

ಬಹಳ ಜನ ಎಡವುವುದು ಇಲ್ಲಿಯೇ. ಬತ್ತುವ ಹೊಂಡದಲ್ಲಿ ಮೀನು ಸಾಯುವುದು ನೀರು ಮುಗಿದು ಎಂದುಕೊಳ್ಳುತ್ತೇವೆ. ನಿಜದಲ್ಲಿ ನೀರು ಪೂರ್ತಿ ಮುಗಿಯುವುದಕ್ಕೆ ವಾರಗಳ ಮೊದಲೇ ಅವು ಉಸಿರು ಕಟ್ಟಿ ಸಾಯುತ್ತವೆ. ಮಾಚೇನಹಳ್ಳಿಯಲ್ಲಿ ತೋಟವಿರುವ ಸ್ನೇಹಿತರೊಬ್ಬರಿಗೆ ಇದನ್ನು ಹೇಳಿದಾಗ, ‘ಅಲ್ಲ ಮಾರಾಯ್ರೆ, ನೀರೇ ಇಲ್ಲ ಅಂತ ನಾನು ಬಡ್ಕೊತಿದ್ರೆ ನೀವು ಗಾಳಿ ಅಂತೀರಲ್ಲ’ ಎಂದು ರೇಗಿದರು. ಬೆಳಗಿನ ಜಾವ ಹೋಗಿ ನೋಡೋಣ ಎಂದೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಹೊಂಡದ ಮೇಲೆ ಅಲ್ಲಲ್ಲಿ ಸಣ್ಣ ಉಂಗುರಗಳು ಏಳುತ್ತಿದ್ದವು. ಟಾರ್ಚ್ ಬಿಟ್ಟರೆ ಕಾಟ್ಲಾಗಳು ಸಾಲಾಗಿ ಮೇಲೆ ಬಂದು, ದಪ್ಪ ತುಟಿ ನೀರಿನಿಂದಾಚೆ ಚಾಚಿ, ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ದಡದಲ್ಲಿ ಕಾಲು ತಟ್ಟಿದರೂ ಕೆಳಗೆ ಓಡಲಿಲ್ಲ. ಮನುಷ್ಯರ ನೆರಳಿಗೇ ಹೆದರುವ ಮೀನು ಓಡದೆ ನಿಂತಿತೆಂದರೆ ಅದಕ್ಕೆ ಓಡುವ ಶಕ್ತಿ ಇಲ್ಲ ಎಂದರ್ಥ. ಎಂಟು ಗಂಟೆಯ ಹೊತ್ತಿಗೆ ಬಿಸಿಲು ಬಿದ್ದು ಎಲ್ಲ ಮೊದಲಿನಂತಾಯಿತು. ಹಗಲು ಮಾತ್ರ ನೋಡುವವರಿಗೆ ಇದು ಕಾಣುವುದೇ ಇಲ್ಲ.

ಹೀಗಾಗಲು ಕಾರಣ ಹೊಂಡದ ಹಸಿರು. ನೀರು ಇಳಿದಂತೆ ಗೊಬ್ಬರ, ಮೀನಿನ ಕಸ ಎಲ್ಲ ಗಟ್ಟಿಯಾಗಿ ಪಾಚಿ ಹೆಚ್ಚುತ್ತದೆ. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ ಮೀನಿನ ಜೊತೆ ಪೈಪೋಟಿಗೆ ಬಿದ್ದು ಆಮ್ಲಜನಕ ಎಳೆದುಕೊಳ್ಳುತ್ತದೆ. ಸೂರ್ಯ ಹುಟ್ಟುವ ಮುಂಚಿನ ಹೊತ್ತಿಗೆ ಖಜಾನೆ ಬರಿದು. ಮೊಣಕೈವರೆಗೆ ತೋಳನ್ನು ನೀರಿಗೆ ಇಳಿಸಿ ನೋಡಿ, ಅಂಗೈ ಕಾಣದಷ್ಟು ಹಸಿರಾಗಿದ್ದರೆ ಅಪಾಯ ಹತ್ತಿರ ಬಂದಿದೆ. ಮೇಲಾಗಿ ಬಿಸಿ ನೀರು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದೂ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಒಂಬತ್ತು ಮಿಲಿಗ್ರಾಂನಷ್ಟು ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಗೆಂಡೆ ಜಾತಿಯ ಮೀನಿಗೆ ನೆಮ್ಮದಿಯಾಗಿರಲು ಐದು ಬೇಕು, ಮೂರಕ್ಕಿಂತ ಕೆಳಗಿಳಿದರೆ ಸಂಕಟ ಶುರು.

ಈಗ ಇದೇ ಮೀನನ್ನು ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿಗೆ ಹಾಕುತ್ತೀರಿ ಎಂದುಕೊಳ್ಳಿ. 30 ಡಿಗ್ರಿಯ ನೀರಾದರೆ ಒಳಗಿರುವ ಆಮ್ಲಜನಕ ಎಲ್ಲ ಸೇರಿ ಏಳೂವರೆ ಗ್ರಾಂ. ಅದರಲ್ಲಿ ಸಂಕಟವಿಲ್ಲದೆ ಬಳಸಬಹುದಾದದ್ದು ನಾಲ್ಕೂವರೆ. ಒಂದು ಕಿಲೋ ಗೆಂಡೆ ಈ ಬಿಸಿಯಲ್ಲಿ ಗಂಟೆಗೆ ಸುಮಾರು ಕಾಲು ಗ್ರಾಂ ಬಳಸುತ್ತದೆ. ಹತ್ತು ಕಿಲೋ ಮೀನು ಹಾಕಿದರೆ, ಗಾಳಿ ಪಂಪ್ ನಿಂತ ಎರಡು ಗಂಟೆಯೊಳಗೆ ಕತೆ ಮುಗಿಯಿತು. ರಾತ್ರಿ ಕರೆಂಟ್ ಹೋಗಿ ಬೆಳಿಗ್ಗೆ ಬರುವುದು ನಮ್ಮಲ್ಲಿ ಅಪರೂಪದ ಸಂಗತಿಯೇನಲ್ಲ. ಇನ್ನೊಂದು ಕಡೆಯಿಂದಲೂ ಅಳೆದು ನೋಡಬಹುದು. ಒಂದು ಹೆಕ್ಟೇರಿನ, ಒಂದೂವರೆ ಮೀಟರ್ ಆಳದ ಕೆರೆಯಲ್ಲಿ ಮೂರು ಟನ್ ಮೀನು ಬೆಳೆದರೆ ಒಳ್ಳೆಯ ಇಳುವರಿ ಎನ್ನುತ್ತೇವೆ. ಆ ಕೆರೆಯಲ್ಲಿ ಒಂದು ಕಿಲೋ ಮೀನಿನ ಪಾಲಿಗೆ ಐದು ಸಾವಿರ ಲೀಟರ್ ನೀರಿದೆ. ಅಲ್ಲಿಂದ ತಂದು ಟ್ಯಾಂಕಿಗೆ ತುಂಬುವುದೆಂದರೆ ಸಂಜೆಯ ಭದ್ರಾವತಿ ಬಸ್ಸಿನ ಕಿಟಕಿಗಳನ್ನೆಲ್ಲ ಮುಚ್ಚಿ ಇನ್ನಷ್ಟು ಜನರನ್ನು ಹತ್ತಿಸಿದ ಹಾಗೆ. ಆದ್ದರಿಂದ ನನ್ನ ಸಲಹೆ ಕಂಜೂಸಿಯದು. ಪಂಪ್ ಇಲ್ಲದ ನಿಂತ ನೀರಾದರೆ ಸಾವಿರ ಲೀಟರಿಗೆ ಒಂದು ಕಿಲೋ, ಹೆಚ್ಚೆಂದರೆ ಎರಡು. ಪಂಪ್ ಇದ್ದು, ಬ್ಯಾಟರಿಯ ಆಸರೆಯೂ ಇದ್ದರೆ ನಾಲ್ಕೈದು.

ಬಿಡಾರವೆಂದರೆ ಟ್ಯಾಂಕೇ ಆಗಬೇಕೆಂದೂ ಇಲ್ಲ. ಮಣ್ಣಿನ ಹೊಂಡವಿದ್ದವರಿಗೆ ನಾನು ಮೊದಲು ಹೇಳುವುದು ಹೊಂಡದೊಳಗೇ ಇನ್ನೊಂದು ಗುಂಡಿ ತೋಡಿ ಎಂದು. ನೀರು ಸೊಂಟಮಟ್ಟ ಇರುವಾಗಲೇ ಅತ್ಯಂತ ತಗ್ಗಿನ ಮೂಲೆಯಲ್ಲಿ ನಾಲ್ಕೈದು ಅಡಿ ಆಳ ಮಾಡಿಕೊಂಡರೆ ಉಳಿದ ನೀರೆಲ್ಲ ಅಲ್ಲಿ ನಿಲ್ಲುತ್ತದೆ, ಬಿಸಿಲಿಗೆ ತೆರೆದ ಜಾಗ ಕಿರಿದಾಗಿ ಆವಿಯೂ ಕಡಿಮೆಯಾಗುತ್ತದೆ. ಮೇಲೆ ಬಿದಿರು ಕಟ್ಟಿ ಅಡಿಕೆ ಸೋಗೆ ಹೊದಿಸಿದರೆ ನೆರಳು. ಮಲೆನಾಡಿನ ಹೊಳೆಗಳು ಬೇಸಿಗೆಯಲ್ಲಿ ಮೀನು ಕಾಯುವುದೂ ಹೀಗೆಯೇ. ಹರಿವು ನಿಂತು ಬಂಡೆ ಎದ್ದ ಮೇಲೂ ಮಡುಗಳಲ್ಲಿ ನೀರು ತಣ್ಣಗಿರುತ್ತದೆ. ಶೃಂಗೇರಿಯಲ್ಲಾಗಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಾಗಲಿ ತುಂಗೆಯ ದೊಡ್ಡ ಮೀನುಗಳು ವರ್ಷಾವರ್ಷ ಬೇಸಿಗೆ ದಾಟುವುದು ಮಡುವಿನ ದಯೆಯಿಂದ. ಹೊಳೆಯ ಮರಳು ತೆಗೆದು, ಮಡುವಿಗೆ ಪಂಪ್ ಇಟ್ಟು ಖಾಲಿ ಮಾಡಿದರೆ ಆ ಮೀನಿಗೆ ಹೋಗಲು ಬೇರೆ ಜಾಗವಿಲ್ಲ. ಬರಗಾಲದಲ್ಲಿ ಕೆರೆ ಹೂಳೆತ್ತುವವರಿಗೂ ಇದನ್ನೇ ಹೇಳಬೇಕೆನಿಸುತ್ತದೆ. ಜೆಸಿಬಿ ಇಳಿಸಿ ಕೆರೆಯ ತಳವನ್ನು ಮೈದಾನದ ಹಾಗೆ ಸಪಾಟು ಮಾಡುವುದು ನೋಡಲು ಚೆಂದ, ಬಿಲ್ಲು ಬರೆಯಲೂ ಸುಲಭ. ಒಂದು ಮೂಲೆಯಲ್ಲಿ ಆಳದ ಗುಂಡಿ ಬಿಟ್ಟರೆ ಮುಂದಿನ ಬರಕ್ಕೆ ದನಕ್ಕೂ ನೀರಿರುತ್ತದೆ, ಮೀನಿಗೂ ಇರುತ್ತದೆ.

ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಗುಂಡಿ ತೋಡಲಾಗದು. ಅಂಥವರಿಗೆ ಟಾರ್ಪಾಲಿನ ತೊಟ್ಟಿಯೇ ಗತಿ. ಮಾಚೇನಹಳ್ಳಿಯ ಸ್ನೇಹಿತರ ಮನೆಯ ಹಿತ್ತಲಲ್ಲಿ ನಾವು ಕಟ್ಟಿದ್ದು ಅಂಥದ್ದೇ. ಹಲಸಿನ ಮರದ ನೆರಳಿನಲ್ಲಿ ಸಿಮೆಂಟ್ ಇಟ್ಟಿಗೆಗಳನ್ನು ಗಾರೆಯಿಲ್ಲದೆ ಮೂರು ಅಡಿ ಎತ್ತರಕ್ಕೆ ಜೋಡಿಸಿ, ಸುತ್ತ ಹಗ್ಗ ಬಿಗಿದು, ಒಳಗೆ ಹಳೆಯ ಗೋಣಿಚೀಲ ಹಾಸಿ, ಅದರ ಮೇಲೆ ದಪ್ಪ ಟಾರ್ಪಾಲು. ಗೋಣಿ ಹಾಸದಿದ್ದರೆ ಇಟ್ಟಿಗೆಯ ಮೂಲೆಗೆ ತಾಗಿ ಟಾರ್ಪಾಲು ಎರಡನೇ ವಾರಕ್ಕೆ ಜಿನುಗುತ್ತದೆ. ಮೇಲೆ ಹಸಿರು ಶೇಡ್‌ನೆಟ್ ಬಿಗಿಯಾಗಿ ಕಟ್ಟಬೇಕು. ಅದು ಬಿಸಿಲಿಗೆ ಮಾತ್ರವಲ್ಲ, ಹೊಸ ಜಾಗಕ್ಕೆ ಬಂದ ರೋಹು ಮೊದಲ ರಾತ್ರಿ ಎಗರಿ ಆಚೆ ಬೀಳುತ್ತದೆ, ಬೆಕ್ಕು ಕಾದಿರುತ್ತದೆ, ಹಗಲು ಮಿಂಚುಳ್ಳಿ. ಕಪ್ಪು ಸಿಂಟೆಕ್ಸ್ ಬಳಸುವವರು ಅದನ್ನು ತಾರಸಿಯ ಬಿಸಿಲಲ್ಲಿ ಇಡಬಾರದು, ಮಧ್ಯಾಹ್ನಕ್ಕೆ ಒಳಗಿನ ನೀರು ಸ್ನಾನಕ್ಕೆ ಸಿದ್ಧವಾಗಿರುತ್ತದೆ. ಹೊಸ ಸಿಮೆಂಟ್ ತೊಟ್ಟಿಯಂತೂ ಬೇಡವೇ ಬೇಡ. ಸಿಮೆಂಟಿನ ಸುಣ್ಣ ನೀರಿಗಿಳಿದು ಮೀನಿನ ಕಿವಿರು ಸುಡುತ್ತದೆ. ಬಾಳೆದಿಂಡು ಕಡಿದು ಹಾಕಿ, ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಿ ವಾರಗಟ್ಟಲೆ ಹದ ಮಾಡಿದ ಮೇಲಷ್ಟೇ ಅದು ಬಳಕೆಗೆ ಬರುತ್ತದೆ.

ತುಂಬಿಸುವ ನೀರಿನ ಬಗ್ಗೆ ಎರಡು ಮಾತು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ಬಿಸಿಲಿಗಿಟ್ಟು ಆಗಾಗ ಕಲಕಬೇಕು. ಬೋರಿನ ನೀರು ನೋಡಲು ಸ್ಫಟಿಕದಂತಿದ್ದರೂ ಆಳದಿಂದ ಬಂದದ್ದರಿಂದ ಅದರಲ್ಲಿ ಆಮ್ಲಜನಕವೇ ಇರುವುದಿಲ್ಲ ಎನ್ನಬಹುದು. ಪೈಪನ್ನು ನೇರ ತೊಟ್ಟಿಯೊಳಗೆ ಮುಳುಗಿಸದೆ, ಆಳೆತ್ತರದಲ್ಲಿ ತೂತು ಕೊರೆದ ಬಕೆಟ್ ತೂಗುಹಾಕಿ ಅದರ ಮೂಲಕ ಚಿಮುಕಿಸುವುದು ಒಳ್ಳೆಯದು. ಅಕ್ವೇರಿಯಂ ಅಂಗಡಿಯ ಪುಟ್ಟ ಗಾಳಿ ಪಂಪಿಗಿಂತ ಈ ಬಕೆಟ್ ಉಪಾಯವೇ ಹೆಚ್ಚು ಕೆಲಸ ಮಾಡುತ್ತದೆ. ಸಣ್ಣ ಸಬ್‌ಮರ್ಸಿಬಲ್ ಪಂಪಿನಿಂದ ತೊಟ್ಟಿಯ ನೀರನ್ನೇ ಮೇಲೆತ್ತಿ ಬಕೆಟಿಗೆ ಬಿಟ್ಟರೆ ಇಡೀ ದಿನ ಮಳೆ ಹನಿದಂತೆ ಬೀಳುತ್ತಿರುತ್ತದೆ. ಬಕೆಟಿನಲ್ಲಿ ಜಲ್ಲಿ, ಹಳೆಯ ಹೊಂಡದ ಪಾಚಿಗಟ್ಟಿದ ಕಲ್ಲು ತುಂಬಿದರೆ ಅದೇ ಸೋಸುವ ಯಂತ್ರ. ಆ ಕಲ್ಲಿನ ಲೋಳೆಯಲ್ಲಿರುವ ಬ್ಯಾಕ್ಟೀರಿಯಾಗಳು ಮೀನು ಕಿವಿರಿನಿಂದ ಬಿಡುವ ಅಮೋನಿಯವನ್ನು ನಿರಪಾಯ ಮಾಡುತ್ತವೆ. ಅವು ಹೊಸ ತೊಟ್ಟಿಯಲ್ಲಿ ಬೇರೂರಲು ತಿಂಗಳು ಹಿಡಿಯುತ್ತದೆ. ನೀರು ಪಾದಕ್ಕೆ ಇಳಿದ ಮೇಲೆ ಗಡಿಬಿಡಿಯಲ್ಲಿ ತೊಟ್ಟಿ ಕಟ್ಟಿದವರ ಮೀನು ಹೆಚ್ಚಾಗಿ ಸಾಯುವುದು ಇದರಿಂದಲೇ. ಶಿವರಾತ್ರಿಯ ಹೊತ್ತಿಗೇ ತೊಟ್ಟಿ ತಯಾರಿರಬೇಕು.

ಸಾಗಿಸುವ ಹಿಂದಿನ ದಿನ ಮೀನಿಗೆ ಉಪವಾಸ. ಹೊಟ್ಟೆ ಖಾಲಿ ಇದ್ದರೆ ಡ್ರಮ್ಮಿನ ನೀರು ಕೆಡುವುದಿಲ್ಲ. ಬೆಳಗಿನ ಜಾವ ಬೇಡ, ಆಗ ಮೊದಲೇ ಉಸಿರಿಗೆ ಕಷ್ಟಪಡುತ್ತಿರುತ್ತವೆ. ಹತ್ತು ಗಂಟೆಯ ಮೇಲೆ ಬೇಡ, ಬಿಸಿಲು. ನಡುವಿನ ಎರಡು ಗಂಟೆ ಸರಿಯಾದ ಹೊತ್ತು. ಎಳೆಬಲೆಯಲ್ಲಿ ಒಟ್ಟುಮಾಡಿ, ಬಕೆಟಿನಲ್ಲಿ ನೀರಿನ ಸಮೇತ ಎತ್ತಬೇಕು. ಬರಿಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗಿ ನಾಲ್ಕು ದಿನದಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ತಂದ ತಕ್ಷಣ ತೊಟ್ಟಿಗೆ ಸುರಿಯದೆ, ತೊಟ್ಟಿಯ ನೀರನ್ನು ಚೊಂಬಿನಿಂದ ಸ್ವಲ್ಪಸ್ವಲ್ಪವಾಗಿ ಬಕೆಟಿಗೆ ಬೆರೆಸುತ್ತ ಅರ್ಧ ಗಂಟೆ ತೆಗೆದುಕೊಳ್ಳಿ. ಸಾವಿರ ಲೀಟರಿಗೆ ಒಂದು ಕಿಲೋ ಹರಳುಪ್ಪು ಹಾಕಿದರೆ ಮೀನಿನ ಆಯಾಸ ಇಳಿಯುತ್ತದೆ. ಉಪ್ಪು ಹಾಕಿದ ಮೇಲೆ ಆ ನೀರನ್ನು ಅಡಿಕೆ ಬುಡಕ್ಕೆ ಚೆಲ್ಲಬೇಡಿ. ಉಪ್ಪಿಲ್ಲದ ತೊಟ್ಟಿಯ ತಳದ ನೀರಾದರೆ ಬಾಳೆಗೂ ತೆಂಗಿಗೂ ಒಳ್ಳೆಯ ಗೊಬ್ಬರ.

ಆಮೇಲೆ ಮೇವು. ಪಾಪ, ಹಸಿದಿರುತ್ತವೆ ಎಂದು ಅನ್ನ, ಮಂಡಕ್ಕಿ, ಹಿಂಡಿ ಹಾಕುವವರನ್ನು ತಡೆಯುವುದು ಎಲ್ಲಕ್ಕಿಂತ ಕಷ್ಟ. ಬೆರಳಿಗಿಂತ ದೊಡ್ಡದಾದ ಗೆಂಡೆಗಳು ವಾರ ಹತ್ತು ದಿನ ಏನೂ ತಿನ್ನದೆ ಆರಾಮಾಗಿ ಇರುತ್ತವೆ. ತಿಂದದ್ದೆಲ್ಲ ಅಮೋನಿಯವಾಗಿ ಅದೇ ನೀರಿಗೆ ಬರುತ್ತದೆ. ಮೊದಲ ವಾರ ಏನೂ ಬೇಡ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಚಿಟಿಕೆ. ಬಿಡಾರದಲ್ಲಿ ಮೀನು ಬೆಳೆಯಬೇಕಾಗಿಲ್ಲ, ಬದುಕಿದ್ದರೆ ಸಾಕು. ಮೀನು ಸಾಕಣೆಯವರು ಮರಿಗಳನ್ನು ಬೇಕೆಂದೇ ಒತ್ತೊತ್ತಾಗಿ, ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಇಡುವುದುಂಟು. ಅಂಥ ಕುಗ್ಗಿದ ಮರಿಗಳನ್ನು ದೊಡ್ಡ ಕೆರೆಗೆ ಬಿಟ್ಟರೆ ಹಿಂದಿನ ಬಾಕಿಯನ್ನೆಲ್ಲ ಸೇರಿಸಿ ಬೆಳೆದುಬಿಡುತ್ತವೆ.

ಎಲ್ಲ ಮೀನಿಗೂ ಬಿಡಾರ ಬೇಕಿಲ್ಲ ಎಂಬುದೂ ತಿಳಿದಿರಲಿ. ಕುಚ್ಚು, ಮುರುಗೋಡು, ಚೇಳು ಮೀನುಗಳು ನೀರಿನ ಮೇಲೆ ಬಂದು ನೇರ ಗಾಳಿ ಕುಡಿಯಬಲ್ಲವು. ಕೆಸರು ಒದ್ದೆಯಿದ್ದರೂ ಸಾಕು, ತಿಂಗಳು ದಾಟಿಸಿಬಿಡುತ್ತವೆ. ಅವುಗಳನ್ನು ಗೆಂಡೆಯ ಜೊತೆ ಒಂದೇ ತೊಟ್ಟಿಗೆ ಹಾಕಿದರೆ ಬೆಳಿಗ್ಗೆ ಎಣಿಕೆ ಕಡಿಮೆಯಾಗಿರುತ್ತದೆ. ಸಾಮಾನ್ಯ ಗೆಂಡೆ ಗಟ್ಟಿ ಜೀವ. ಮೊದಲು ಸೋಲುವುದು ಬೆಳ್ಳಿಗೆಂಡೆ ಮತ್ತು ಕಾಟ್ಲಾ, ಅದರಲ್ಲೂ ದೊಡ್ಡವು. ಆದ್ದರಿಂದ ದೊಡ್ಡ ಕಾಟ್ಲಾವನ್ನು ಉಳಿಸುತ್ತೇನೆಂದು ಹಟ ಹಿಡಿಯುವ ಬದಲು ಅದನ್ನು ಮಾರಿ ಎನ್ನುತ್ತೇನೆ. ಕೆಲವರಿಗೆ ಈ ಮಾತು ಇಷ್ಟವಾಗುವುದಿಲ್ಲ. ಆದರೆ ಬತ್ತುವ ಕೆರೆಯ ಮೀನಿನ ಬಗ್ಗೆ ನಮ್ಮ ಜಿಲ್ಲೆಯವರು ಎಂದೂ ಭಾವುಕರಾದವರಲ್ಲ. ಸಾಗರ, ಸೊರಬದ ಕಡೆ ಬೇಸಿಗೆಯಲ್ಲಿ ಕೆರೆ ಇಳಿದಾಗ ಊರಿಗೆ ಊರೇ ಕೂಣಿ ಹಿಡಿದು ನೀರಿಗಿಳಿಯುವ ಕೆರೆಬೇಟೆ ಇಂದಿಗೂ ನಡೆಯುತ್ತದೆ. 2024ರಲ್ಲಿ ಅದೇ ಹೆಸರಿನ ಸಿನಿಮಾ ಬಂದ ಮೇಲೆ ಬೆಂಗಳೂರಿನವರಿಗೂ ಗೊತ್ತಾಯಿತು. ಹೇಗೂ ಸಾಯುವ ಮೀನನ್ನು ಸಾಯುವ ಮುನ್ನ ಹಂಚಿಕೊಂಡು ತಿನ್ನುವುದರಲ್ಲಿ ಲೆಕ್ಕಾಚಾರವೂ ಇದೆ, ಹಬ್ಬವೂ ಇದೆ. ಮುಕ್ಕಾಲು ಪಾಲು ಹಿಡಿದು ಕಾಲು ಪಾಲು ಉಳಿಸಿಕೊಂಡರೆ ಆ ಕಾಲು ಪಾಲು ಬದುಕುತ್ತದೆ. ಎಲ್ಲವನ್ನೂ ಉಳಿಸಹೊರಟರೆ ಒಂದು ಬೆಳಿಗ್ಗೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತವೆ, ಆಗ ತಿನ್ನಲೂ ಬರುವುದಿಲ್ಲ, ಮಾರಲೂ ಬರುವುದಿಲ್ಲ.

ಕೊನೆಗೆ ಕೈಸೋತವರು ಮಾಡುವ ಒಂದು ಕೆಲಸವಿದೆ. ರಾತ್ರಿ ಬಕೆಟಿನಲ್ಲಿ ತುಂಬಿಕೊಂಡು ಹೋಗಿ ಭದ್ರೆಗೋ ಊರ ಕೆರೆಗೋ ಬಿಟ್ಟುಬರುವುದು. ಪುಣ್ಯ ಬಂತೆಂದುಕೊಳ್ಳುತ್ತಾರೆ. ದಯವಿಟ್ಟು ಮಾಡಬೇಡಿ. ಜಿಲೇಬಿ ಮೀನು, ಅಕ್ವೇರಿಯಂನಲ್ಲಿ ಗಾಜು ನೆಕ್ಕುವ ಮೀನು, ಸಾಕುವುದನ್ನೇ ಸರ್ಕಾರ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ ಇವೆಲ್ಲ ನಮ್ಮ ನೀರಿಗೆ ಸೇರಿದ್ದು ಹೀಗೆ ಬಿಟ್ಟದ್ದರಿಂದ, ತಪ್ಪಿಸಿಕೊಂಡದ್ದರಿಂದ. ಊರ ಕೆರೆಯ ಮೀನಿನ ಹಕ್ಕು ಹರಾಜಿನಲ್ಲಿ ಹಿಡಿದವರದ್ದು ಎಂಬ ತಕರಾರು ಬೇರೆ. ಸೊಳ್ಳೆಗೆಂದು ಸಾಕಿದ ಗಪ್ಪಿಯಾದರೆ ಚಿಂತೆಯೇ ಇಲ್ಲ, ಹಿತ್ತಲಿನ ಒಂದು ಸಿಮೆಂಟ್ ಬಾನಿಯಲ್ಲಿ ಹತ್ತು ಉಳಿಸಿಕೊಂಡರೆ ಮಳೆಗಾಲಕ್ಕೆ ನೂರಾಗುತ್ತವೆ. ಮಲೇರಿಯ ತಡೆಯಲು ಆರೋಗ್ಯ ಇಲಾಖೆಯವರು ಗಪ್ಪಿ, ಗ್ಯಾಂಬೂಸಿಯಾಗಳನ್ನು ತೊಟ್ಟಿಗಳಲ್ಲಿ ಕಾಪಿಟ್ಟುಕೊಂಡು ಊರೂರಿಗೆ ಹಂಚುವುದೂ ಇದೇ ಬಲದ ಮೇಲೆ. ಗ್ಯಾಂಬೂಸಿಯಾವನ್ನು ಹೊಳೆಗೆ ಬಿಡಬಾರದು, ಅದು ಸೊಳ್ಳೆಮರಿಯ ಜೊತೆ ಊರ ಮೀನಿನ ಮೊಟ್ಟೆಯನ್ನೂ ತಿನ್ನುತ್ತದೆ.

ಮಳೆ ಬಂತು, ಮೀನು ವಾಪಸ್ ಬಿಡೋಣ ಎಂಬ ಆತುರವೂ ಒಳ್ಳೆಯದಲ್ಲ. ಮೊದಲ ಮಳೆಯ ನೀರು ರಸ್ತೆಯ ಎಣ್ಣೆ, ತೋಟದ ಔಷಧಿ, ಒಣಗಿ ಕೂತ ಕಸವನ್ನೆಲ್ಲ ಹೊತ್ತು ಹೊಂಡಕ್ಕೆ ಬರುತ್ತದೆ. ಕಾರ್ಖಾನೆಗಳ ನಡುವಿನ ಮಾಚೇನಹಳ್ಳಿಯಂಥ ಊರಿನಲ್ಲಿ ಈ ಮಾತು ಇನ್ನೂ ನಿಜ. ಮೇಲಾಗಿ ತಣ್ಣನೆಯ ಮಳೆನೀರು ಬಿದ್ದಾಗ ತಳದ ಕೊಳೆತ ನೀರು ಮೇಲೇಳುತ್ತದೆ, ನಾಲ್ಕು ದಿನ ಮೋಡ ಕವಿದರೆ ಪಾಚಿಯೂ ಕೆಲಸ ನಿಲ್ಲಿಸುತ್ತದೆ. ಬೇಸಿಗೆಯಿಡೀ ಬದುಕಿದ ಮೀನು ಜೂನ್ ಮೊದಲ ವಾರದಲ್ಲಿ ಸತ್ತಿತು ಎಂಬ ಪತ್ರಗಳು ಬರುವುದು ಇದರಿಂದಲೇ. ಮೊದಲ ನೀರನ್ನು ಹೊಂಡದಾಚೆ ಹರಿಯಬಿಡಿ. ಎದೆಮಟ್ಟ ನೀರು ನಿಂತು, ಕೆಂಪು ಇಳಿದು, ತೆಳು ಹಸಿರು ತಿರುಗಿದ ಮೇಲೆ ನಾಲ್ಕೈದು ಮೀನನ್ನು ಮಾತ್ರ ಬಲೆಯ ಗೂಡಿನಲ್ಲಿ ಒಂದು ರಾತ್ರಿ ಇಳಿಬಿಟ್ಟು ನೋಡಿ. ಬೆಳಿಗ್ಗೆ ಲವಲವಿಕೆಯಿಂದಿದ್ದರೆ ಉಳಿದವನ್ನೂ ಬಿಡಬಹುದು. ಹೊಸ ಮರಿ ಬೇಕಾದವರು ಲಕ್ಕವಳ್ಳಿ ಅಣೆಕಟ್ಟಿನ ಬುಡದ ಬಿ.ಆರ್. ಪ್ರಾಜೆಕ್ಟಿನಲ್ಲಿರುವ ಮೀನುಗಾರಿಕೆ ಇಲಾಖೆಯ ಮರಿ ಕೇಂದ್ರದಲ್ಲಿ ಮುಂಗಾರು ಹಿಡಿದ ಮೇಲೆ ವಿಚಾರಿಸಿ. ಹೋಗುವ ಮುನ್ನ ಹೊಂಡದಲ್ಲಿ ಕುಚ್ಚು ಉಳಿದಿದೆಯೇ ಎಂದು ಒಮ್ಮೆ ಬಲೆ ಎಳೆದು ನೋಡಿ, ಇದ್ದರೆ ಮೊದಲು ಅದನ್ನು ಹಿಡಿಯಿರಿ.